ನೆರೆಯವನು ಹೇಳಿದ ದಾರಿ

ಕುಂದಾಪುರ
೧೨ ಫೆಬ್ರವರಿ ೨೦೧೪

ಪ್ರೀತಿಯ ಜ್ಯೋತ್ಸ್ನಾ,

ನಿನ್ನೆ ನಮ್ಮ ಹಳೆಯ ಮನೆಯ ಎದುರಿನ ವೇದಾ ಬಂದು ನನ್ನ ಸ್ಲೇಟಿನ ಮೇಲೆ ಬರೆದು ಕೇಳಿದಳು: ನಿಮ್ಮ ತಮ್ಮನ ಮಗಳು ಲಂಡನ್ನಿನಲ್ಲಿ ಏನು ಕೆಲಸ ಮಾಡುವುದು? ‘ನೆಟ್‌ವರ್ಕ್’ ಎಂದೆ. ಹಾಗೆಂದರೆ ಏನೆಂದು ಮತ್ತೆ ಬರೆದಳು. ಇಡೀ ಜನ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು, ಉತ್ತರ ಗೊತ್ತಿಲ್ಲದ ಹುಡುಗಿಯ ಹಾಗೆ ಕಿಟಕಿಯ ಕಡೆ ನೋಡಿದೆ. ನನಗೇ ನಾಚಿಕೆಯಾಯಿತು.

ಆದ್ದರಿಂದ ಈ ಕಾಗದ. ನೀನು ಬೆಳಗ್ಗೆ ಆಫೀಸಿಗೆ ಹೋಗಿ ನಿಜವಾಗಿ ಏನು ಮಾಡುತ್ತೀ? ಮುದುಕಿಗೆ ಅರ್ಥವಾಗುವುದಿಲ್ಲ ಎಂದು ತೇಲಿಸಿ ಬರೆಯಬೇಡ. ಕಿವಿ ಹೋಗಿದೆ, ತಲೆ ಹೋಗಿಲ್ಲ. ಮೊಬೈಲಿನಲ್ಲಿ ಕಳಿಸುತ್ತೇನೆ ಎಂದೂ ಹೇಳಬೇಡ. ಬೆರಳಿನ ತುದಿಯಿಂದ ಗಾಜು ಉಜ್ಜುತ್ತ ಓದುವುದು ನನಗೆ ಓದಿದ ಹಾಗೆ ಆಗುವುದಿಲ್ಲ.

ನಾನು ಈಗ ಪೇಟೆಯಲ್ಲಿ ಬ್ಯಾಂಕಿನ ಮೇಲಿನ ಬಾಡಿಗೆ ಮನೆಯಲ್ಲಿ ಸುಖವಾಗಿದ್ದೇನೆ. ಕೆಳಗೆ ಎಷ್ಟು ಗಲಾಟೆಯಾದರೂ ನನಗೆ ಬಾಧಕವಿಲ್ಲ.

ವಿನೀತನನ್ನು ಕೇಳಿದೆನೆಂದು ಹೇಳು. ಕ್ವೀನ್ಸ್‌ಬರಿಯ ಹೋಟೆಲಿನವರು ಚಳಿಗಾಲದಲ್ಲಿಯೂ ಬೆಳಗ್ಗೆ ಬೇಗ ಎದ್ದು ಹೋಗುತ್ತಾರೆಯೇ? ಸುಮ್ಮನೆ ಕೇಳಿದೆ.

ನೀರಜಾ ಅತ್ತೆ


ಕೊಲಿಂಡೇಲ್, ಲಂಡನ್
೩ ಮಾರ್ಚ್ ೨೦೧೪

ಅತ್ತೆ,

ನಿಮ್ಮ ಪ್ರಶ್ನೆ ಓದಿ ನಗು ಬಂತು, ಆಮೇಲೆ ಭಯವಾಯಿತು. ಗಂಡ ವಿನೀತ್ ಕೂಡ ಇದುವರೆಗೆ ಇಷ್ಟು ನೇರವಾಗಿ ಕೇಳಿರಲಿಲ್ಲ. ಅವನೂ ನನ್ನ ಉತ್ತರ ಕೇಳಲು ಪಕ್ಕದಲ್ಲಿಯೇ ಕುಳಿತಿದ್ದಾನೆ.

ಪಾರ್ಕ್ ರಾಯಲ್ ಎಂಬಲ್ಲಿ ಗೋದಾಮುಗಳದ್ದೇ ಒಂದು ಊರಿದೆ. ಅಲ್ಲಿನ ಒಂದು ಕಂಪನಿ ಈ ದೇಶದ ಹೋಟೆಲು, ಶಾಲೆ, ಆಸ್ಪತ್ರೆಗಳಿಗೆಲ್ಲ ಆಹಾರ ಸಾಗಿಸುತ್ತದೆ. ಊರೂರಿನಲ್ಲಿ ಅವರ ಶಾಖೆಗಳು. ಲೀಡ್ಸಿನ ಶಾಖೆಯಲ್ಲಿ ಒಬ್ಬ ಗುಂಡಿ ಒತ್ತಿದರೆ ಇಲ್ಲಿ ಲಾರಿಗೆ ಏನು ತುಂಬಬೇಕು ಎಂಬ ಚೀಟಿ ಬರಬೇಕು. ಆ ಎಲ್ಲ ಊರುಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ದಾರಿಗಳ ನಕ್ಷೆ ಮಾಡುವವಳು ನಾನು. ಎಲ್ಲಿಂದ ಎಲ್ಲಿಗೆ ಕೇಬಲ್ಲು, ಯಾವ ಊರು ಜಂಕ್ಷನ್ನು, ಒಂದು ದಾರಿ ಕೆಟ್ಟರೆ ಇನ್ನೊಂದು ಯಾವುದು, ಇವೆಲ್ಲ ನನ್ನ ತಲೆನೋವು. ಇಷ್ಟು ದೊಡ್ಡದಕ್ಕೆ ನಾನೇ ಮುಖ್ಯಸ್ಥೆಯಾಗಿರುವುದು ಇದೇ ಮೊದಲು.

ಇದರಲ್ಲಿ ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಹಳೆಯ ಪದ್ಧತಿಯ ಜಾಲಗಳಲ್ಲಿ ಪೂರ್ತಿ ದಾರಿ ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ಜಂಕ್ಷನ್ನಿನಲ್ಲಿರುವ ಪೆಟ್ಟಿಗೆಗೆ ಗೊತ್ತಿರುವುದು ಪಕ್ಕದವನೊಬ್ಬನೇ. ಪಕ್ಕದವನು ‘ಲೀಡ್ಸಿಗೆ ನನ್ನ ಮೂಲಕ ಹೋಗಬಹುದು’ ಎಂದರೆ ಇವನು ನಂಬುತ್ತಾನೆ, ತನ್ನ ಇನ್ನೊಂದು ಪಕ್ಕದವನಿಗೂ ಹಾಗೆಯೇ ಹೇಳುತ್ತಾನೆ. ಹೀಗೆ ಬಾಯಿಂದ ಬಾಯಿಗೆ ಇಡೀ ದೇಶದ ದಾರಿ ತಯಾರಾಗುತ್ತದೆ.

ಇನ್ನು ಹೋಟೆಲಿನವರು. ನೀವು ‘ಹೋಟೆಲಿನವರು’ ಎನ್ನುತ್ತೀರಿ, ಅಪ್ಪಯ್ಯ ‘ಕುಂದಾಪುರದವರು’ ಎನ್ನುತ್ತಾರೆ. ಒಡಹುಟ್ಟಿದ ಅಕ್ಕತಮ್ಮ ಒಬ್ಬರ ಹೆಸರನ್ನೊಬ್ಬರು ಎತ್ತದೆ ಆರು ವರ್ಷವಾಗುತ್ತ ಬಂತು. ನಿಮ್ಮ ಕಾಗದ ನನ್ನ ಕೈಯಲ್ಲಿದ್ದಾಗ ಅಪ್ಪಯ್ಯ ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ ಮುಖವಿಟ್ಟುಕೊಂಡೇ ಕೇಳಿದರು: “ಎಂತ ಅಂಬ್ರ್ ಕುಂದಾಪ್ರದವ್ರ್?” ಓದಲೇ ಎಂದೆ. “ನಂಗೆಂತಕ್ಕೆ? ನಿಂಗ್ ಬರ್ದದ್ದ್, ನೀನೇ ಓದ್ಕೋ” ಎಂದರು. ಆದರೆ ನಾನು ಓದಿ ಮುಗಿಸುವವರೆಗೆ ಗ್ರೈಂಡರ್ ಹಾಕಲಿಲ್ಲ.

ಹೌದು, ಬೆಳಗ್ಗೆ ಬೇಗ ಹೋಗುತ್ತಾರೆ. ಮಫ್ಲರ್ ಕಟ್ಟಿಕೊಳ್ಳುತ್ತಾರೆ.

ನಿಮ್ಮ ಜ್ಯೋತ್ಸ್ನಾ


ಕುಂದಾಪುರ
೨೫ ಮಾರ್ಚ್ ೨೦೧೪

ಪ್ರೀತಿಯ ಜ್ಯೋತ್ಸ್ನಾ,

ಕಾಗದವನ್ನು ವೇದಾಳಿಗೆ ಓದಿ ಹೇಳಿದೆ. ಅವಳಿಗೆ ಲಾರಿ ಅರ್ಥವಾಯಿತು, ಉಳಿದದ್ದು ಆಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ಅದಕ್ಕೇ ತಕರಾರಿದೆ.

ಪಕ್ಕದವನು ಹೇಳಿದ್ದನ್ನು ನಂಬುವುದು ಎಂದೆಯಲ್ಲ, ಪಕ್ಕದವನು ತಪ್ಪಿದರೆ? ಅವನು ಸುಳ್ಳುಗಾರನೇ ಆಗಬೇಕೆಂದಿಲ್ಲ, ಪಾಪ, ಅವನಿಗೂ ಇನ್ನೊಬ್ಬ ಹೇಳಿದ್ದು. ಇಷ್ಟು ಸಡಿಲವಾದ ಏರ್ಪಾಡಿನ ಮೇಲೆ ಒಂದು ದೇಶದ ಆಸ್ಪತ್ರೆಗಳಿಗೆ ಊಟ ಹೋಗುತ್ತದೆಯೆಂದರೆ ನನಗೆ ನಿದ್ದೆ ಬರುವುದಿಲ್ಲ. ನನ್ನ ಲೆಕ್ಕದಲ್ಲಿ, ಒಬ್ಬನ ಮಾತಿಗೆ ಬೆಲೆಯಿಲ್ಲ. ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು.

ನೀನೇ ಆರು ವರ್ಷದ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ಅಮ್ಮ ಹೋದ ದಿನ ನಾನು ಹಾಗೆಯೇ ಮಾಡಿದೆ. ಇರುವುದು ಒಬ್ಬನೇ ಮಗ, ಲಂಡನ್ನಿನಿಂದ ಹೊರಟಿದ್ದಾನೆ, ಅವನೇ ಕೊಳ್ಳಿ ಇಡಬೇಕು ಎಂದು ಎಲ್ಲರನ್ನೂ ಹಿಡಿದು ಕೂರಿಸಿದ್ದೆ. ಜೂನಿನ ಮಳೆ ನಿನಗೆ ಗೊತ್ತು. ಮಧ್ಯಾಹ್ನ ಪುರೋಹಿತರಾದ ಭಟ್ಟರು ಬಂದು ‘ಉಮಾನಾಥ ಕಾಯಬೇಡಿ ಎಂದಿದ್ದಾನಂತೆ’ ಎಂದು ಕಿವಿಯ ಹತ್ತಿರ ಕೂಗಿದರು. ನಾನು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ವೇದಾ ಬಂದು ಅದನ್ನೇ ಸ್ಲೇಟಿನಲ್ಲಿ ಬರೆದಳು. ಇಬ್ಬರು ಹೇಳಿದ ಮೇಲೆ ನಾನೇನು ಮಾಡಲಿ? ಆಗಲಿ ಎಂದೆ, ಸಂಜೆಯೊಳಗೆ ಎಲ್ಲ ಮುಗಿಯಿತು. ಮಾರನೆಯ ದಿನ ಅವನು ಬಂದ. ಅಂಗಳದಲ್ಲಿಯೇ ನಿಂತ, ಒಳಗೆ ಕಾಲಿಡಲಿಲ್ಲ, ನನ್ನನ್ನು ಒಂದು ಮಾತು ಕೇಳಲಿಲ್ಲ, ಹೊರಟುಹೋದ. ಬೇಡ ಎಂದವನೂ ಅವನೇ, ಸಿಟ್ಟಾದವನೂ ಅವನೇ.

ಇದನ್ನು ಅಲ್ಲಿ ಓದಿ ಹೇಳಬೇಕೆಂದಿಲ್ಲ. ಓದಬಾರದೆಂದೂ ಇಲ್ಲ.

ನೀರಜಾ ಅತ್ತೆ


ಕೊಲಿಂಡೇಲ್
೨೦ ಏಪ್ರಿಲ್ ೨೦೧೪

ಅತ್ತೆ,

ನಿಮ್ಮ ತಕರಾರನ್ನು ಆಫೀಸಿನಲ್ಲಿ ಹೇಳಿದೆ. ನಮ್ಮ ಬಾಸ್ ‘ನಿನ್ನ ಅತ್ತೆಗೆ ಕೆಲಸ ಬೇಕೇ ಕೇಳು’ ಎಂದ.

ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಿ. ನಾನೂ ನಿಮ್ಮ ಲೆಕ್ಕದವಳೇ. ಪಾರ್ಕ್ ರಾಯಲ್‌ನ ಮುಖ್ಯ ಗೋದಾಮಿಗೆ ಒಂದಲ್ಲ, ಎರಡು ಕೇಬಲ್ಲು ಹಾಕಿಸಿದ್ದೇನೆ, ಅದೂ ಎರಡು ಬೇರೆ ಕಂಪನಿಗಳಿಂದ. ಒಂದು ಕೆಟ್ಟರೆ ಇನ್ನೊಂದು ತಾನಾಗಿಯೇ ಕೆಲಸ ಹಿಡಿಯುತ್ತದೆ. ಇಬ್ಬರು ಸೇಲ್ಸ್‌ನವರನ್ನೂ ಎದುರು ಕೂರಿಸಿಕೊಂಡು ‘ನಿಮ್ಮ ದಾರಿ ಪೂರ್ತಿ ಬೇರೆಯೇ ತಾನೇ?’ ಎಂದು ಕೇಳಿದೆ. ಇಬ್ಬರೂ ಹೌದು ಎಂದರು. ನನ್ನ ನಕ್ಷೆ ನೋಡಿ ಎಲ್ಲರೂ ಭೇಷ್ ಎಂದಿದ್ದಾರೆ. ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮ ಫ್ಲ್ಯಾಟಿನ ಲಿಫ್ಟು ಮತ್ತೆ ಕೆಟ್ಟಿದೆ. ಅದು ಯಾರದೋ ಬೇರೆ ನಕ್ಷೆ.

ನಿಮ್ಮ ಕಾಗದವನ್ನು ಅಪ್ಪಯ್ಯನಿಗೆ ಓದಿದೆ. ಅವರು ಏನೂ ಹೇಳಲಿಲ್ಲ.

ನಿಮ್ಮ ಜ್ಯೋತ್ಸ್ನಾ


ಕುಂದಾಪುರ
೧೮ ಮೇ ೨೦೧೪

ಪ್ರೀತಿಯ ಜ್ಯೋತ್ಸ್ನಾ,

ಏನೂ ಹೇಳಲಿಲ್ಲವೇ? ಸರಿ. ಅವನಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. (ಸುಳ್ಳು. ಪೋಸ್ಟ್‌ಮನ್ನನ ದಾರಿ ಕಾಯುತ್ತ ಬಾಲ್ಕನಿಯಲ್ಲಿ ನಿಂತು ಕಾಲು ನೋಯಿಸಿಕೊಂಡೆ.)

ನಿನ್ನ ಎರಡು ಕೇಬಲ್ಲಿನ ಸಂಗತಿ ಸಂತೋಷವಾಯಿತು. ಅವು ಮಣ್ಣಿನಡಿ ಎಷ್ಟು ದೂರ ದೂರ ಹೋಗುತ್ತವೆ? ನೀನು ನೋಡಿದ್ದೀಯಾ?

ನೀರಜಾ ಅತ್ತೆ


ಕುಂದಾಪುರ
೩೦ ಜುಲೈ ೨೦೧೪

ಜ್ಯೋತ್ಸ್ನಾ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಅಪ್ಪನ ವಿಷಯ ಎತ್ತಿದ್ದಕ್ಕೆ ಮುನಿಸೇ? ಇದ್ದರೆ ಬೈದು ಬರೆ. ನಿನ್ನಿಂದಲೂ ಸುದ್ದಿ ಬರದಿದ್ದರೆ ಆ ಕಡೆಯದು ಏನೂ ನನಗೆ ತಿಳಿಯುವುದಿಲ್ಲ.

ನೀರಜಾ


ಕೊಲಿಂಡೇಲ್
೧೭ ಆಗಸ್ಟ್ ೨೦೧೪

ಅತ್ತೆ,

ಮುನಿಸಲ್ಲ, ಮುಖವಿರಲಿಲ್ಲ. ನಿಮ್ಮ ಮೇ ತಿಂಗಳ ಪ್ರಶ್ನೆ ಬಂದ ವಾರವೇ ಪಾರ್ಕ್ ರಾಯಲ್‌ನಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆಯುವ ಯಂತ್ರ ನನ್ನ ಕೇಬಲ್ಲನ್ನು ಕತ್ತರಿಸಿತು. ಒಂದನ್ನಲ್ಲ, ಎರಡನ್ನೂ.

ನಾನು ಓಡಿ ಹೋಗಿ ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆ. ಒಂದೇ ಕೊಳವೆ, ಅದರಲ್ಲಿ ಅಕ್ಕಪಕ್ಕ ಎರಡು ಕೇಬಲ್ಲು. ಎರಡನೆಯ ಕಂಪನಿಗೆ ಆ ರಸ್ತೆಯಲ್ಲಿ ಸ್ವಂತ ದಾರಿಯೇ ಇರಲಿಲ್ಲವಂತೆ. ಮೊದಲನೆಯವರ ಕೊಳವೆಯಲ್ಲಿಯೇ ಬಾಡಿಗೆಗೆ ಜಾಗ ಹಿಡಿದಿದ್ದರು. ಸೇಲ್ಸ್‌ನವನಿಗೆ ಅದು ಗೊತ್ತಿರಲಿಲ್ಲ, ಅವನಿಗೆ ಹೇಳಿದವನಿಗೂ ಗೊತ್ತಿರಲಿಲ್ಲ. ಅಂಗಳದ ತುಂಬ ಲಾರಿಗಳು, ಯಾವುದಕ್ಕೆ ಏನು ತುಂಬಬೇಕೆಂದು ಯಾರಿಗೂ ತಿಳಿಯದು. ಬಾಸ್ ಕೂಗಾಡಲಿಲ್ಲ. ‘ದಾರಿಯನ್ನು ನಡೆದು ನೋಡಿದ್ದೆಯಾ?’ ಎಂದಷ್ಟೇ ಕೇಳಿದ. ನಡೆದಿರಲಿಲ್ಲ. ನೀವು ಅಲ್ಲಿಂದ ಕೇಳಿದ್ದನ್ನು ನಾನು ಇಲ್ಲಿದ್ದು ಕೇಳಿಕೊಂಡಿರಲಿಲ್ಲ. ಕೆಲಸ ನನ್ನ ಕೈತಪ್ಪುತ್ತದೆ ಎಂದೇ ಇದ್ದೆ. ನಕ್ಷೆಯನ್ನು ಮೊದಲಿನಿಂದ ಮಾಡು ಎಂದು ನನಗೇ ಕೊಟ್ಟಿದ್ದಾರೆ. ಈಗ ಪ್ರತಿ ರಸ್ತೆಯನ್ನೂ ನಡೆಯುತ್ತಿದ್ದೇನೆ.

ನಡೆಯುವಾಗ ನನಗೆ ನಿಮ್ಮ ಭಟ್ಟರು ಮತ್ತು ವೇದಾ ನೆನಪಾದರು. ಅತ್ತೆ, ಅವರಿಬ್ಬರೂ ಯಾರಿಂದ ಕೇಳಿದ್ದು? ಅಪ್ಪಯ್ಯ ಏನೂ ಹೇಳಲಿಲ್ಲ ಎಂದು ಬರೆದಿದ್ದೆನಲ್ಲ, ಅದು ನಿಜವಲ್ಲ. ನಿಮಗೆ ನೋವಾಗುತ್ತದೆಂದು ಮುಚ್ಚಿಟ್ಟೆ. ಅವರು ಕೌಂಟರಿನ ಹಿಂದೆ ಕುಳಿತು ಹೇಳಿದ್ದು ಇಷ್ಟು: “ನಾ ಯಾರಿಗೂ ಕಾಯ್ಬೇಡಿ ಅಂದ್ ಹೇಳಲಿಲ್ಲ. ಮುಂಬೈಯಗೆ ವಿಮಾನ ಇಳೂಕೇ ತಡ ಆಯ್ತ್. ಮನಿಗೆ ಫೋನ್ ಮಾಡ್ದೆ, ಮಾಡ್ದೆ, ಮಳಿಗೆ ಲೈನೇ ಸತ್ತಿತ್ತ್. ಬಸ್ಸಗೆ ಕೂಕಂಡ್ ಬಂದೆ. ಅಮ್ಮನ್ ಮುಖ ಕಾಂಬುಕೆ ಸಿಕ್ಲಿಲ್ಲ. ಅಕ್ಕ ಒಂದ್ ದಿನ ಕಾಯ್ಲಿಲ್ಲ.”

‘ಅಕ್ಕ’ ಎಂದರು. ಅದನ್ನಾದರೂ ನಾನು ಆವತ್ತೇ ಬರೆಯಬೇಕಿತ್ತು.

ಜ್ಯೋತ್ಸ್ನಾ


ಕುಂದಾಪುರ
೬ ಸೆಪ್ಟೆಂಬರ್ ೨೦೧೪

ಪ್ರೀತಿಯ ಜ್ಯೋತ್ಸ್ನಾ,

ಅವರಿಬ್ಬರೂ ಕೇಳಿದ್ದು ಸುಮಿತನಿಂದ. ನಮ್ಮ ಚಿಕ್ಕಪ್ಪನ ಮಗ, ಮುಂಬೈಯವನು. ಅವನು ನಿನ್ನ ಅಪ್ಪನನ್ನು ಕರೆದುಕೊಳ್ಳಲು ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಮಳೆಗೆ ವಿಮಾನಗಳು ಇಳಿಯುತ್ತಿಲ್ಲ ಎಂಬ ಹಲಗೆ ನೋಡಿ, ಇವತ್ತು ಬರುವುದಿಲ್ಲ ಎಂದು ತಾನೇ ತೀರ್ಮಾನಿಸಿ, ಭಟ್ಟರ ಮೊಬೈಲಿಗೂ ವೇದಾಳ ಮೊಬೈಲಿಗೂ ಫೋನು ಮಾಡಿದ. ಅವನು ಹೇಳಿದ್ದು ‘ಬರಲಿಕ್ಕಿಲ್ಲ, ಕಾಯಬೇಡಿ’ ಎಂದು. ಅದು ನನ್ನ ಹತ್ತಿರ ಬರುವಷ್ಟರಲ್ಲಿ ‘ಉಮಾನಾಥನೇ ಕಾಯಬೇಡಿ ಎಂದ’ ಎಂದಾಗಿತ್ತು.

ನಿನ್ನ ಪ್ರಶ್ನೆ ಓದಿ ನಾನು ಚಕಿತಳಾದೆ ಎಂದು ಬರೆದರೆ ಮೋಸ. ಇದು ನನಗೆ ಮೂರು ವರ್ಷದಿಂದ ಗೊತ್ತು. ಉಡುಪಿಯ ಒಂದು ಮದುವೆಯಲ್ಲಿ ಸುಮಿತ ನನ್ನ ಪಕ್ಕ ಊಟಕ್ಕೆ ಕುಳಿತು, ಕಿವಿಯ ಹತ್ತಿರ ಬಾಯಿಟ್ಟು ಹೆಮ್ಮೆಯಿಂದ ಹೇಳಿದ: “ಅಕ್ಕ, ಅವತ್ ನಾನೇ ಅಲ್ದಾ ಎಲ್ರಿಗೂ ಹೇಳದ್ದ್? ಇಲ್ದಿದ್ರೆ ನೀವೆಲ್ಲ ಮಳಿಯಗೆ ಕಾಯ್ಕಂಡೇ ಇರ್ತಿದ್ರಿ.” ಉಪಕಾರ ಮಾಡಿದೆನೆಂದೇ ಅವನ ಭಾವನೆ. ಎಲೆಯ ಮೇಲೆ ಪಾಯಸ ಹಾಗೆಯೇ ಬಿಟ್ಟು ಎದ್ದೆ.

ಗೊತ್ತಾದ ದಿನವೇ ಏಕೆ ಬರೆಯಲಿಲ್ಲ ಎಂದು ಕೇಳುತ್ತೀ. ಮೂರು ವರ್ಷ ಸಿಟ್ಟು ಹಿಡಿದುಕೊಂಡು ಕುಳಿತವಳಿಗೆ ಆ ಸಿಟ್ಟು ಕೈಯಿಂದ ಕಿತ್ತುಕೊಂಡ ಹಾಗಾಯಿತು. ಉಳಿದದ್ದು ನಾಚಿಕೆ. ಸಿಟ್ಟಿನಲ್ಲಿ ಕಾಗದ ಬರೆಯಬಹುದು, ನಾಚಿಕೆಯಲ್ಲಿ ಪೆನ್ನು ಏಳುವುದಿಲ್ಲ. ಕೊನೆಗೆ ಈ ವರ್ಷ ನಿನಗೆ ಬರೆಯಲು ಶುರುಮಾಡಿದೆ. ನಿನ್ನ ಕೆಲಸದ ಬಗ್ಗೆ ನನಗೆ ನಿಜವಾಗಿಯೂ ಕುತೂಹಲ. ಆದರೆ ಮೊದಲ ಕಾಗದ ಅದಕ್ಕಾಗಿ ಬರೆದದ್ದಲ್ಲ.

ಈಗ ನಿನಗೆ ಎಲ್ಲ ತಿಳಿಯಿತು. ನೀನೇ ಅವನಿಗೆ ಹೇಳಿಬಿಡು.

ನೀರಜಾ ಅತ್ತೆ


ಕೊಲಿಂಡೇಲ್
೨೮ ಸೆಪ್ಟೆಂಬರ್ ೨೦೧೪

ಅತ್ತೆ,

ಹೇಳುವುದಿಲ್ಲ.

ಸಿಟ್ಟಾಗುವ ಮೊದಲು ಪೂರ್ತಿ ಓದಿ. ನಿಮ್ಮ ಕಾಗದ ಓದಿ ಅತ್ತುಬಿಟ್ಟೆ, ಆಮೇಲೆ ಕೋಟು ಹಾಕಿಕೊಂಡು ಕ್ವೀನ್ಸ್‌ಬರಿಗೆ ಹೊರಟೆ. ಬಸ್ ಸ್ಟಾಪಿನಲ್ಲಿ ನಿಂತಾಗ ಅನಿಸಿತು: ನಾನು ಹೇಳಿದರೆ ಅಪ್ಪಯ್ಯ ‘ಹೌದಾ’ ಎನ್ನುತ್ತಾರೆ, ನಾನು ಅದನ್ನು ನಿಮಗೆ ಬರೆಯುತ್ತೇನೆ, ನೀವು ‘ಸರಿ’ ಎನ್ನುತ್ತೀರಿ. ಹೀಗೆಯೇ ಇನ್ನೊಂದು ಆರು ವರ್ಷ. ನಿಮ್ಮಿಬ್ಬರ ನಡುವೆ ಇರುವ ಒಂದೇ ಒಂದು ದಾರಿ ನಾನು. ನಾನು ಕೆಲಸ ಮಾಡುತ್ತಿರುವಷ್ಟು ದಿನ ನೀವಿಬ್ಬರೂ ಇನ್ನೊಂದು ದಾರಿ ಹುಡುಕುವುದಿಲ್ಲ.

ಪಾರ್ಕ್ ರಾಯಲ್‌ಗೆ ಈಗ ಎರಡನೆಯ ಕೇಬಲ್ಲು ಕಾಲುವೆಯ ಕಡೆಯಿಂದ ಬರುತ್ತದೆ. ಆದರೆ ಅದು ಇದೆ ಎಂದರೆ ಸಾಲದು. ಚೆನ್ನಾಗಿ ನಡೆಯುತ್ತಿರುವ ಮೊದಲನೆಯದನ್ನು ಬೇಕೆಂದೇ ಕಿತ್ತು, ಎರಡನೆಯದು ಎದ್ದು ನಿಲ್ಲುತ್ತದೆಯೇ ನೋಡಬೇಕು. ನಾನು ಈಗ ಮಾಡುತ್ತಿರುವುದೂ ಅದೇ.

ಆದ್ದರಿಂದ ಇಂದಿನಿಂದ ಅಪ್ಪಯ್ಯನ ಸುದ್ದಿ ನಿಮಗೆ ಬರೆಯುವುದಿಲ್ಲ, ನಿಮ್ಮ ಸುದ್ದಿ ಅವರಿಗೆ ಹೇಳುವುದಿಲ್ಲ. ಅವರಿಗೂ ಹಾಗೆಂದೆ. “ನಿಂಗೆ ತಲಿ ಸಮ ಇಲ್ಯಾ?” ಎಂದರು. ಹೋಟೆಲಿನ ವಿಳಾಸ ಹಿಂದಿನ ಪುಟದಲ್ಲಿದೆ. ನಿಮಗೆ ಗೊತ್ತಿರುವುದೇ, ಆದರೂ ಬರೆದಿದ್ದೇನೆ.

ನೀವಿಬ್ಬರೂ ನೇರವಾಗಿ ಬರೆದುಕೊಳ್ಳಬೇಕು, ನನಗೆ ಬೇಕಾದದ್ದು ಇದೊಂದೇ ಅತ್ತೆ. ನೀವಿಬ್ಬರೂ ಬರೆಯದೆ ಹೋದರೆ ಇದ್ದ ದಾರಿಯನ್ನೂ ಕಡಿದವಳು ನಾನಾಗುತ್ತೇನೆ.

ನಿಮ್ಮ ಜ್ಯೋತ್ಸ್ನಾ


ಕುಂದಾಪುರ
೨೦ ಅಕ್ಟೋಬರ್ ೨೦೧೪

ಜ್ಯೋತ್ಸ್ನಾ,

ನಿನ್ನ ಕಾಗದ ತಲುಪಿತು. ನಾನು ಕೇಬಲ್ಲಲ್ಲ, ಅವನು ಗೋದಾಮಲ್ಲ. ಎಪ್ಪತ್ತು ತುಂಬಿದವರ ಮೇಲೆ ಪ್ರಯೋಗ ಮಾಡುವ ಧೈರ್ಯ ನಿನಗೆ ಎಲ್ಲಿಂದ ಬಂತೋ. ಬೇರೆ ಸುದ್ದಿಯಿಲ್ಲ.

ನೀರಜಾ


ಕೊಲಿಂಡೇಲ್
೧೧ ಜನವರಿ ೨೦೧೫

ಅತ್ತೆ,

ಅಕ್ಟೋಬರಿನ ಆ ನಾಲ್ಕು ಸಾಲಿನ ನಂತರ ನಿಮ್ಮಿಂದ ಕಾಗದವಿಲ್ಲ, ಕ್ರಿಸ್‌ಮಸ್ ರಜೆಯೂ ಹೋಯಿತು. ನಾನೇ ಬರೆದಂತೆ ನಾನು ಏನನ್ನೂ ಕೇಳುವುದಿಲ್ಲ. ಕೇಳಬೇಕೆಂದು ನಾಲಿಗೆ ತುರಿಸುತ್ತಿದೆ. ವಿನೀತ್ ದಿನಕ್ಕೊಮ್ಮೆ ‘ಸುಮ್ಮನೆ ಹೇಳಿಬಿಡಬಾರದೇ?’ ಎನ್ನುತ್ತಾನೆ, ನಾನು ಅವನ ಮೇಲೆ ಹರಿಹಾಯುತ್ತೇನೆ.

ಕೆಲಸದ್ದು ಮಾತ್ರ ಬರೆಯುತ್ತೇನೆ. ಕಳೆದ ಭಾನುವಾರ ಬೆಳಗ್ಗೆ ಪಾರ್ಕ್ ರಾಯಲ್‌ನಲ್ಲಿ ಮೊದಲನೆಯ ಕೇಬಲ್ಲನ್ನು ನಾನೇ ಕಿತ್ತೆ. ಪರದೆಯ ಮೇಲಿನ ಊರುಗಳೆಲ್ಲ ಒಂದೊಂದಾಗಿ ಕೆಂಪಾದವು. ಮತ್ತೆ ಸಿಕ್ಕಿಸಿಬಿಡೋಣ ಎಂದು ಕೈ ಮುಂದೆ ಹೋಗಿತ್ತು, ಬಾಸ್ ನನ್ನ ಮಣಿಕಟ್ಟು ಹಿಡಿದುಕೊಂಡ. ಅಷ್ಟರಲ್ಲಿ ಲೀಡ್ಸ್ ಹಸಿರಾಯಿತು, ಆಮೇಲೆ ಎಲ್ಲ. ನಾನು ಹೊರಗೆ ಹೋಗಿ ಲಾರಿಗಳ ನಡುವೆ ನಿಂತು ಒಬ್ಬಳೇ ನಕ್ಕೆ.

ನೀವು ಬೈದಾದರೂ ಬರೆಯಿರಿ. ನನಗೆ ಹೆದರಿಕೆಯಾಗುತ್ತಿದೆ.

ಜ್ಯೋತ್ಸ್ನಾ


ಕುಂದಾಪುರ
೯ ಮಾರ್ಚ್ ೨೦೧೫

ಪ್ರೀತಿಯ ಜ್ಯೋತ್ಸ್ನಾ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಬೇರೆ ಬರವಣಿಗೆಯಿತ್ತು.

ನವೆಂಬರಿನಲ್ಲಿ ಬರೆದೆ, ಹರಿದೆ. ಡಿಸೆಂಬರಿನಲ್ಲಿ ಸುಮಿತನನ್ನು ಬೈದು ಪುಟಗಟ್ಟಲೆ ಬರೆದೆ, ಅದನ್ನೂ ಹರಿದೆ. ಇನ್ನೊಬ್ಬನ ತಪ್ಪು ವಿವರಿಸಲು ತಮ್ಮನಿಗೆ ಕಾಗದ ಹಾಕಬೇಕೇ? ಕೊನೆಗೆ ಒಂದು ಕಾರ್ಡಿನಲ್ಲಿ ಇಷ್ಟೇ ಬರೆದು ಹಾಕಿದೆ: ‘ಉಮಾನಾಥ, ಆವತ್ತು ಏನಾಯಿತೆಂದು ಯಾರ್ಯಾರೋ ಹೇಳಿದ್ದಾರೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಅಕ್ಕ.’

ಜನವರಿ ಪೂರ್ತಿ ಏನೂ ಬರಲಿಲ್ಲ. ನೀನು ಹೆದರಿದೆಯಂತೆ, ನಾನು ಹೆದರಿದ್ದನ್ನು ಯಾರ ಹತ್ತಿರ ಹೇಳಲಿ? ವೇದಾ ಸ್ಲೇಟು ಹಿಡಿದು ಬಂದರೆ ಬಾಗಿಲು ತೆಗೆಯುತ್ತಿರಲಿಲ್ಲ.

ಫೆಬ್ರವರಿಯ ಕೊನೆಗೆ ದಪ್ಪ ಲಕೋಟೆ ಬಂತು. ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಬರೆದಿದ್ದಾನೆ, ಒಂದಕ್ಕೊಂದು ಪಿನ್ನು ಚುಚ್ಚಿ. ಒಂದೇ ದಿನ ಬರೆದದ್ದಲ್ಲ. ಕೆಲವು ಕಡೆ ಎಣ್ಣೆಯ ಕಲೆ, ಕೆಲವು ಕಡೆ ಶಾಯಿ ಹರಡಿದೆ, ಅದು ಎಣ್ಣೆಯಿಂದಲ್ಲ. ಓದಿ ಮುಗಿಸುವಷ್ಟರಲ್ಲಿ ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಉತ್ತರ ಬರೆದು ನಿನ್ನೆ ಹಾಕಿದೆ. ಅವನೂ ಪ್ರಶ್ನೆ ಕೇಳಿದ್ದಾನೆ, ನಾನೂ ಕೇಳಿದ್ದೇನೆ.

ಏನು ಬರೆದಿದ್ದಾನೆ ಎಂದು ನಿನಗೆ ಈಗ ತಡೆಯಲಾರದಷ್ಟು ಕುತೂಹಲ ಎಂದು ಬಲ್ಲೆ. ನಾನು ಹೇಳುವುದಿಲ್ಲ. ಅವನನ್ನು ಕೇಳಿಯೂ ಪ್ರಯೋಜನವಿಲ್ಲ, ನಿನಗೆ ಹೇಳಬಾರದೆಂದು ಅವನಿಗೆ ಬರೆದಿದ್ದೇನೆ.

ನೀರಜಾ ಅತ್ತೆ